ಸೋರುವ ಉಣ್ಣೆ ಚಡ್ಡಿ

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ನನ್ನ ಮಗಳಿಗೆ ಡಿಸೆಂಬರ್‌ನಲ್ಲಿ ಹೆರಿಗೆಯಾಗಲಿದೆ. ಬಟ್ಟೆಯ ಲಂಗೋಟಿಯ ಮೇಲೆ ಪ್ಲಾಸ್ಟಿಕ್ಕಿನ ಬದಲು ಹೆಣೆದ ಉಣ್ಣೆ ಚಡ್ಡಿ ತೊಡಿಸುವ ರೂಢಿ ಅಲ್ಲಿ ಇಂದಿಗೂ ಇದೆಯೆಂದು ಅವಳು ಹೇಳಿದ್ದರಿಂದ, ಇಲ್ಲಿಯ ಅಂಗಡಿಯಲ್ಲಿ ಎಲ್ಲಕ್ಕಿಂತ ಮೃದುವಾದ ‘ಬೇಬಿ ಉಲ್ಲನ್’ ಕೊಂಡು ಒಂದನ್ನು ಹೆಣೆದೆ. ಪಕ್ಕದ ಮನೆಯ ಕೂಸಿಗೆ ತೊಡಿಸಿ ನೋಡಿದರೆ ಕಾಲು ಗಂಟೆಯೊಳಗೆ ಎತ್ತಿಕೊಂಡವರ ಸೀರೆ ಒದ್ದೆಯಾಯಿತು. ನನ್ನ ಹೆಣಿಗೆ ಸಡಿಲವಾಯಿತೇ? ನೂಲಿನ ತುಂಡೊಂದನ್ನು ಪತ್ರದೊಂದಿಗೆ ಕಳುಹಿಸಿದ್ದೇನೆ. ಅಳತೆಯನ್ನೂ ತಿಳಿಸಿ.
— ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಕೈಯನ್ನು ದೂರಬೇಡಿ. ನೀವು ಕಳುಹಿಸಿದ ನೂಲಿಗೆ ಬೆಂಕಿಕಡ್ಡಿ ತಾಗಿಸಿದೆ. ಅದು ಕರಗಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿಯಾದ ಮಣಿಯಾಗಿ ಉಳಿಯಿತು. ಅಪ್ಪಟ ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತಿತ್ತು, ಬೆಂಕಿಯನ್ನು ದೂರ ಸರಿಸಿದೊಡನೆ ತಾನಾಗಿ ಆರುತ್ತಿತ್ತು, ಉಳಿದ ಬೂದಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿತ್ತು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಸ್ವೆಟರಿಗೂ ಕುಲಾವಿಗೂ ಅದು ಸಾಕು, ಆದರೆ ಈ ಕೆಲಸಕ್ಕೆ ಎಳ್ಳಷ್ಟೂ ಬಾರದು. ಅಕ್ರಿಲಿಕ್ ಎಳೆ ತಾನು ನೀರು ಕುಡಿಯುವುದಿಲ್ಲ, ಎಳೆಗಳ ನಡುವಿನ ಸಂದಿಯಲ್ಲಿ ನೀರನ್ನು ಹೊರಕ್ಕೆ ದಾಟಿಸಿಬಿಡುತ್ತದೆ.

ಉಣ್ಣೆಯ ನಡತೆ ಬೇರೆ. ಅದರ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಹುರುಪೆಗಳಿದ್ದು, ಅವುಗಳ ಮೇಲ್ಮೈಯಲ್ಲಿರುವ ಜಿಡ್ಡಿನ ತೆಳು ಪದರ ನೀರ ಹನಿಯನ್ನು ಒಳಕ್ಕೆ ಬಿಡುವುದಿಲ್ಲ. ಆದರೆ ಆವಿಯ ರೂಪದ ತೇವವನ್ನು ಎಳೆಯ ಒಳಭಾಗ ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡೂ ಕೈಗೆ ಒಣಗಿದಂತೆಯೇ ತೋರುವ ಗುಣ ಅದಕ್ಕಿದೆ. ಹೀಗೆ ಹಿಡಿದಿಟ್ಟ ತೇವ ಹೊರಗಿನ ಗಾಳಿಗೆ ನಿಧಾನವಾಗಿ ಆರುವುದರಿಂದ ಮಗುವಿನ ಚರ್ಮಕ್ಕೆ ಪ್ಲಾಸ್ಟಿಕ್ಕಿನೊಳಗಿನ ಸೆಕೆಯಿರುವುದಿಲ್ಲ. ಹಾಗೆಂದು ಚಡ್ಡಿಯೇ ಡೈಪರ್ ಅಲ್ಲ. ಒಳಗೆ ನಾಲ್ಕೈದು ಮಡಿಕೆಯ ಹತ್ತಿ ಬಟ್ಟೆ ಇರಲೇಬೇಕು. ಮೂತ್ರವನ್ನು ಹೀರುವುದು ಹತ್ತಿ, ಹೊರಗೆ ಬಾರದಂತೆ ಕಾಯುವುದು ಉಣ್ಣೆ.

ನೂಲು ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಚೀಟಿಯಲ್ಲಿ ‘ಸೂಪರ್‌ವಾಶ್’ ಎಂದಿದ್ದರೆ ನೂರಕ್ಕೆ ನೂರು ಮೆರಿನೋ (ನವಿರಾದ ಕುರಿಯುಣ್ಣೆ) ಆಗಿದ್ದರೂ ಬೇಡ. ಯಂತ್ರದಲ್ಲಿ ಒಗೆದರೂ ಕುಗ್ಗದಿರಲೆಂದು ಅದರ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ ರಾಳ ಬಳಿದಿರುತ್ತಾರೆ; ಹಾಗಾಗಿ ಅದು ಜಿಡ್ಡನ್ನು ಚೆನ್ನಾಗಿ ಹಿಡಿಯದು. ಮಗಳಿಗೇ ಹೇಳಿ ಅಲ್ಲಿಂದ ಸಾದಾ ಮೆರಿನೋ ನೂಲು ತರಿಸಿಕೊಳ್ಳುವುದು ಲೇಸು.

ಅಷ್ಟಾದರೂ ಹೊಸ ಚಡ್ಡಿ ಸ್ವಲ್ಪ ಸೋರೀತು, ಏಕೆಂದರೆ ಕುರಿಯ ಮೈಯ ಜಿಡ್ಡಾದ ಲ್ಯಾನೊಲಿನ್ ನೂಲು ತೊಳೆಯುವಾಗಲೇ ಹೋಗಿರುತ್ತದೆ. ಅದನ್ನು ನಾವು ಮರಳಿ ಕೊಡಬೇಕು. ಬಾಣಂತಿಯರ ಮೊಲೆತೊಟ್ಟು ಒಡೆದಾಗ ಹಚ್ಚಲು ಔಷಧಿ ಅಂಗಡಿಯಲ್ಲಿ ಶುದ್ಧ ಲ್ಯಾನೊಲಿನ್ ಮುಲಾಮು ಸಿಗುತ್ತದೆ; ಅದೇ ಸಾಕು. ಮುಚ್ಚಳವಿರುವ ಬಾಟಲಿಯಲ್ಲಿ ಒಂದು ಲೋಟ ಬಿಸಿನೀರು, ಅರ್ಧ ಚಮಚ ಮುಲಾಮು, ಒಂದು ಹನಿ ಮಕ್ಕಳ ಶಾಂಪೂ ಹಾಕಿ ನೀರು ಹಾಲಿನಂತಾಗುವವರೆಗೆ ಕುಲುಕಿ. ಶಾಂಪೂ ಇಲ್ಲದಿದ್ದರೆ ಜಿಡ್ಡು ಮೇಲೆ ತೇಲಿ ಚಡ್ಡಿಗೆ ಗಂಟುಗಂಟಾಗಿ ಅಂಟುತ್ತದೆ. ಇದನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಚಡ್ಡಿಯನ್ನು ಒಳಹೊರಗು ಮಾಡಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಹಿಂಡದೆ ಒತ್ತಿ, ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಹಾಸಿ ಒಣಗಿಸಿ. ಹೊಸ ಚಡ್ಡಿಗೆ ಎರಡು ಮೂರು ಬಾರಿ ಹೀಗೆ ಮಾಡಬೇಕು. ಒಣಗಿದ ಚಡ್ಡಿ ಕೈಗೆ ತುಸು ಮೇಣದಂತೆ ಹತ್ತಿದರೆ ಸರಿಯಾಯಿತೆಂದು ತಿಳಿಯಿರಿ.

ಅಳತೆ ಮೂರರಿಂದ ಆರು ತಿಂಗಳ ಮಗುವಿಗೆ ಹೇಳುತ್ತೇನೆ. ಹುಟ್ಟಿದ ಕೂಸಿಗೆ ಹೆಣೆದದ್ದು ತಿಂಗಳೊಪ್ಪತ್ತಿನಲ್ಲಿ ಚಿಕ್ಕದಾಗುತ್ತದೆ. ಡಿ.ಕೆ. (ಡಬಲ್ ನಿಟಿಂಗ್) ಎಂಬ ಮಧ್ಯಮ ದಪ್ಪದ ನೂಲು 75 ಗ್ರಾಂ ಸಾಕು. ಅದಕ್ಕೆ ರೂಢಿಯ 4 ಮಿ.ಮೀ. ಕಡ್ಡಿಯ ಬದಲು 3.5 ಮಿ.ಮೀ. ಹಿಡಿದು, 10 ಸೆಂ.ಮೀ. ಅಗಲಕ್ಕೆ 24 ಕುಣಿಕೆ, ಅಷ್ಟೇ ಉದ್ದಕ್ಕೆ 32 ಸಾಲು ಬರುವಂತೆ ಬಿಗಿಯಾಗಿ ಹೆಣೆಯಿರಿ. ಮುಂದಿನ ಸೊಂಟಕ್ಕೆ 52 ಕುಣಿಕೆ ಹಾಕಿ, ಒಂದು ನಿಟ್ ಒಂದು ಪರ್ಲ್‌ನಂತೆ 4 ಸೆಂ.ಮೀ. ಪಟ್ಟಿ, ಆಮೇಲೆ 5 ಸೆಂ.ಮೀ. ಸಾದಾ ಹೆಣಿಗೆ. ಅಲ್ಲಿಂದ ಸಾಲು ಬಿಟ್ಟು ಸಾಲಿನಲ್ಲಿ ಎರಡೂ ಬದಿಗೆ ಒಂದೊಂದು ಕುಣಿಕೆ ಇಳಿಸುತ್ತ 16 ಬಾರಿ ಇಳಿಸಿದರೆ 20 ಉಳಿಯುತ್ತವೆ. ತೊಡೆಸಂದಿಗೆ 4 ಸೆಂ.ಮೀ. ನೇರವಾಗಿ ಹೋಗಿ, ಅದೇ ಲೆಕ್ಕದಲ್ಲಿ ಮತ್ತೆ 52ಕ್ಕೆ ಏರಿಸಿ. ಹಿಂಭಾಗವನ್ನು ಮುಂಭಾಗಕ್ಕಿಂತ 3 ಸೆಂ.ಮೀ. ಉದ್ದ ಬಿಡಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ, ಆಮೇಲೆ ಮಗು ಕಾಲು ಮಡಚಿದಾಗಲೆಲ್ಲ ಬೆನ್ನ ಬಳಿ ಲಂಗೋಟಿ ಇಣುಕುತ್ತದೆ. ಪಕ್ಕಗಳನ್ನು ಹೊಲಿದು, ಕಾಲಿನ ಸುತ್ತ 56 ಕುಣಿಕೆ ಎತ್ತಿ 3 ಸೆಂ.ಮೀ. ಪಟ್ಟಿ ಹಾಕಿ. ತೊಡೆಸಂದಿಯಲ್ಲಿ ಒಳಗಿನಿಂದ 8 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಇನ್ನೊಂದು ಪದರ ಹೊಲಿದರೆ ರಾತ್ರಿಗೂ ಆದೀತು. ಸೊಂಟಕ್ಕೆ ದಾರಕ್ಕಿಂತ ಮೆತ್ತನೆಯ ಎಲಾಸ್ಟಿಕ್ ಒಳ್ಳೆಯದು.

ಮಗಳಿಗೆ ಒಂದು ಮಾತು ತಿಳಿಸಿ: ಒಳಗಿನ ಬಟ್ಟೆಯ ಅಂಚಾಗಲಿ ಅಂಗಿಯ ತುದಿಯಾಗಲಿ ಚಡ್ಡಿಯಿಂದ ಹೊರಗೆ ಇಣುಕಿದರೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ತೇವವನ್ನು ಹೊರಕ್ಕೆ ಎಳೆಯುತ್ತದೆ.

ಪ್ರಶ್ನೆ: ನಮ್ಮ ಕುರುಬರ ಕಂಬಳಿ ಎಂಥ ಮಳೆಗೂ ಜಗ್ಗದು. ಅದೇ ನೂಲಿನಲ್ಲಿ ಮಗುವಿನ ಚಡ್ಡಿ ಹೆಣೆದರಾಗದೇ?
— ಬೆಳಗಾವಿಯ ಓದುಗರು

ಉತ್ತರ: ಯೋಚನೆ ಸೊಗಸಾಗಿದೆ, ಆದರೆ ಮಗುವಿನ ತೊಡೆ ಒಪ್ಪದು. ಕಂಬಳಿಯ ದಖ್ಖನಿ ಕುರಿಯ ಉಣ್ಣೆ ಒರಟು. ಮೇಲಾಗಿ ನೇಯುವ ಮೊದಲು ನೂಲಿಗೆ ಹುಣಸೆಬೀಜದ ಅಂಟು ಹಚ್ಚುವುದರಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ. ಹಾಸಿಗೆಯ ಕೆಳಗೆ ಒದ್ದೆ ಇಳಿಯದಂತೆ ಮಡಿಸಿ ಹಾಕಲು ಮಾತ್ರ ಹಳೆಯ ಕಂಬಳಿಯಂಥದ್ದು ಇನ್ನೊಂದಿಲ್ಲ.

ಪ್ರಶ್ನೆ: ಅಕ್ಕ ಅಮೆರಿಕದಿಂದ ಕಳುಹಿಸಿದ ಉಣ್ಣೆ ಚಡ್ಡಿ ಒಂದೇ ಒಗೆತಕ್ಕೆ ಗೊಂಬೆಗೂ ಆಗದಷ್ಟು ಕುಗ್ಗಿತು. ಉಳಿದ ಎರಡನ್ನು ಹೇಗೆ ಒಗೆಯಲಿ? ಬೇಸಿಗೆಯಲ್ಲಿ ನುಸಿಗುಳಿಗೆ ಹಾಕಿ ಎತ್ತಿಡಬಹುದೇ?
— ಬೆಂಗಳೂರಿನ ಓದುಗರು

ಉತ್ತರ: ನನ್ನ ಮೊದಲ ಚಡ್ಡಿಗೂ ಇದೇ ಗತಿಯಾಯಿತು. ಬಿಸಿನೀರು ಹಾಕಿದ ಬಟ್ಟೆ ಒಗೆಯುವ ಯಂತ್ರದಿಂದ ಹೊರಬಂದಾಗ ಅದು ತೆಂಗಿನ ಚಿಪ್ಪಿನಂತಿತ್ತು, ಮೇಜಿನ ಮೇಲೆ ತಾನಾಗಿ ನಿಲ್ಲುತ್ತಿತ್ತು. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಎಳೆಗಳ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲು ಬಾರವು. ಅದೃಷ್ಟವಶಾತ್ ಈ ಚಡ್ಡಿಯನ್ನು ದಿನವೂ ಒಗೆಯಬೇಕಾಗಿಲ್ಲ. ಬರಿಯ ಮೂತ್ರದ ತೇವವಾಗಿದ್ದರೆ ಗಾಳಿಗೆ ಹರವಿದರೆ ಸಾಕು; ಎರಡು ಮೂರು ಚಡ್ಡಿಗಳನ್ನು ಸರದಿಯಲ್ಲಿ ಬಳಸಿದರೆ ಎರಡು ಮೂರು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಮೇಲೆ ಹೇಳಿದಂತೆ ಲ್ಯಾನೊಲಿನ್ ಕೊಟ್ಟರಾಯಿತು. ಮಲ ತಾಗಿದರೆ ಮಾತ್ರ ಆಗಲೇ ತೊಳೆಯಬೇಕು. ಒಣಗಿದ ಮೇಲೂ ನಾತ ಬರುತ್ತಿದ್ದರೆ ಜಿಡ್ಡು ಮುಗಿಯಿತೆಂದು ಅರ್ಥ. ಲ್ಯಾನೊಲಿನ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಸೊಂಟದ ಸುತ್ತ ಕೆಂಪಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನುಸಿಗುಳಿಗೆಯನ್ನು ಮಾತ್ರ ಖಂಡಿತ ಬಳಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ವಾಸನೆ ಹಿಡಿದ ಬಟ್ಟೆಯಿಂದಲೇ ರಕ್ತಕಣಗಳು ಒಡೆದು, ಕಾಮಾಲೆ ಅಪಾಯದ ಮಟ್ಟಕ್ಕೆ ಏರಬಹುದು. ಆ ಕೊರತೆ ಇದೆಯೋ ಇಲ್ಲವೋ ಎಂಬುದು ಮಗುವಿನ ಮುಖ ನೋಡಿದರೆ ತಿಳಿಯುವಂಥದ್ದಲ್ಲ. ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ. ನುಸಿ ಮೊಟ್ಟೆಯಿಡುವುದು ಹೆಚ್ಚಾಗಿ ಕೊಳೆಯುಳಿದ ಉಣ್ಣೆಯಲ್ಲಿ. ಕುಗ್ಗಿದ ಚಡ್ಡಿಯನ್ನು ಎಸೆಯಬೇಡಿ. ಗಟ್ಟಿಗೊಂಡ ಆ ಉಣ್ಣೆಯನ್ನು ಕತ್ತರಿಸಿದರೂ ನೂಲು ಬಿಚ್ಚುವುದಿಲ್ಲವಾದ್ದರಿಂದ, ಉಳಿದೆರಡು ಚಡ್ಡಿಗಳ ತೊಡೆಸಂದಿಗೆ ಒಳಪದರವಾಗಿ ಹೊಲಿಯಲು ಅದು ಹೇಳಿ ಮಾಡಿಸಿದಂತಿರುತ್ತದೆ.