ಬೂದಿದಿಬ್ಬದ ಊರಿಗೆ ಇತಿಹಾಸ ಇಲ್ಲವೇ?

ಮಾನ್ಯರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬಳ್ಳಾರಿ ಸೀಮೆಯ ಒಂದು ಹಳ್ಳಿಯಿಂದ ಬಂದ ಪತ್ರ ಎಂದಷ್ಟೇ ಓದುಗರಿಗೆ ಹೇಳುತ್ತೇನೆ. ನಿಮ್ಮ ಮೊಮ್ಮಗಳಿಗೆ ಶಾಲೆಯಲ್ಲಿ ‘ನಮ್ಮ ಊರಿನ ಇತಿಹಾಸ’ ಬರೆದುಕೊಂಡು ಬಾ ಎಂದರಂತೆ. ಕೋಟೆ ಇಲ್ಲ, ಅರಮನೆ ಇಲ್ಲ, ಶಾಸನ ಇಲ್ಲ. ಪಾಪ, ಮಗು ಹಂಪಿಯ ಬಗ್ಗೆ ಬರೆದು ಕೊಟ್ಟಿತಂತೆ. ‘ನೀವೂ ವರ್ಷಾ ವರ್ಷ ಹಂಪಿಯನ್ನೇ ಬರೀತೀರಿ. ನಮ್ಮೂರ ಹಿಂದೆ ಒಂದು ಬೂದಿದಿಬ್ಬ ಬಿಟ್ಟರೆ ಏನೂ ಇಲ್ಲ. ಅದನ್ನೂ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೀತಿದ್ದಾರೆ’ ಎಂದು ಬರೆದಿದ್ದೀರಿ.

ಹಂಪಿಯ ವಿಷಯದಲ್ಲಿ ನಿಮ್ಮ ಮಾತು ಸರಿ, ತಪ್ಪು ನಮ್ಮದು. ಆದರೆ ಆ ಬೂದಿದಿಬ್ಬದ ಸಾಲು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ.

ನಿಮ್ಮ ದಿಬ್ಬವನ್ನು ನಾನು ನೋಡಿಲ್ಲ. ಅಗೆದ ಕಡೆ ಬೆಳ್ಳಗಿನ ಪದರ, ನಡುನಡುವೆ ಕಮ್ಮಾರನ ಕುಲುಮೆಯ ಕಿಟ್ಟದಂಥ ಗಟ್ಟಿ ಉಂಡೆ ಎಂದು ನೀವು ಬರೆದದ್ದನ್ನು ನೋಡಿದರೆ, ಅದು ನಿಮ್ಮ ಸೀಮೆಯ ಹಳೇ ಬೂದಿದಿಬ್ಬಗಳ ಸಾಲಿಗೇ ಸೇರಿದ್ದಿರಬೇಕು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯಿಂದ ಆಂಧ್ರ, ತೆಲಂಗಾಣದವರೆಗೆ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಕುಡತಿನಿಯ ದಿಬ್ಬವನ್ನು ನಾನೇ ಮುಟ್ಟಿ ನೋಡಿದ್ದೇನೆ. ಬೆರಳ ನಡುವೆ ಉಜ್ಜಿದರೆ ಜೋಳದ ಹಿಟ್ಟಿನಷ್ಟು ನುಣುಪು. ಪಕ್ಕದಲ್ಲೇ ಬಿದ್ದಿದ್ದ ಗಟ್ಟಿ ಚೂರು ಗಾಜಿನ ಹಾಗೆ ಕರಗಿ ಹೆಪ್ಪುಗಟ್ಟಿತ್ತು, ಮೈತುಂಬ ಸಣ್ಣ ಸಣ್ಣ ತೂತು. ಅಷ್ಟು ದೊಡ್ಡ ಬೆಂಕಿ ಅಲ್ಲಿ ಉರಿದಿದೆ.

ಉರಿದದ್ದು ಏನು? ಸಗಣಿ. ದನದ ದೊಡ್ಡಿಯಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಕೆಲವರು ಜ್ವಾಲಾಮುಖಿಯೋ ಎಂದು ಅನುಮಾನಪಟ್ಟರು. ಸಗಣಿಯ ಬೂದಿ ಎಂದು ವಾದಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಪದರಗಳ ಮೇಲೆ ದನದ ಗೊರಸಿನ ಗುರುತೇ ಸಿಕ್ಕಿತು. ಸುತ್ತಲೂ ಮರದ ಕಂಬ ನೆಟ್ಟ ಬೇಲಿಯ ಗುರುತೂ ಇತ್ತು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದರು. ದೊಡ್ಡಿಯ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗ, ದನ ಕಡಿದ ಜಾಗ ಎಲ್ಲ ಕಂಡವು. ಊರಿನ ಹೆಸರನ್ನೇ ನೋಡಿ, ಬೂದಿಹಾಳ! ಅಗೆಯುವ ಮೊದಲೇ ಊರವರ ಬಾಯಲ್ಲಿ ಬೂದಿ ಉಳಿದಿತ್ತು, ಅಲ್ವಾ?

ಯಾಕೆ ಸುಟ್ಟರು ಎಂಬ ಬಗ್ಗೆ ಎರಡು ಮಾತಿವೆ. ಹಬ್ಬದ ದಿನ ಬೆಂಕಿ ಹಾಕಿ ದನ ಹಾಯಿಸುತ್ತಿದ್ದರು ಅನ್ನುವುದು ಆಲ್ಚಿನ್ ಅವರ ಕಡೆಯ ವಾದ. ಸಂಕ್ರಾಂತಿಗೆ ಮೈಸೂರು ಕಡೆ ಇವತ್ತೂ ಕಿಚ್ಚು ಹಾಯಿಸುತ್ತಾರಲ್ಲ, ಹಾಗೆ. ಸುಮ್ನೆ ತಿಪ್ಪೆ ರಾಶಿಬಿದ್ದು, ಆಗಾಗ ಸುಟ್ಟು ಜಾಗ ಚೊಕ್ಕ ಮಾಡಿಕೊಂಡರು ಅನ್ನುವುದು ಇನ್ನೊಂದು. ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ. ಬರೀ ಚೊಕ್ಕ ಮಾಡಲು ಅಷ್ಟು ಎತ್ತರಕ್ಕೆ ಪದರದ ಮೇಲೆ ಪದರ ಸುಡುತ್ತಾರಾ?

ಇದೆಲ್ಲ ನಾಲ್ಕೈದು ಸಾವಿರ ವರ್ಷ ಹಿಂದಿನ ಮಾತು. ವಿಜಯನಗರ ತಲೆ ಎತ್ತಿದ್ದು 1336ರಲ್ಲಿ, ಇನ್ನೂ ಏಳು ನೂರು ವರ್ಷ ತುಂಬಿಲ್ಲ. ಮೊಮ್ಮಗಳಿಗೆ ಇದನ್ನು ಹೇಳಿ. ಆ ಜನಕ್ಕೆ ಕಬ್ಬಿಣ ಗೊತ್ತಿರಲಿಲ್ಲ. ಆದರೆ ಹುರುಳಿ, ಹೆಸರು ಬೆಳೆಯುತ್ತಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಕಲ್ಲು ಒಡೆದು, ಉಜ್ಜಿ, ಕೊಡಲಿ ಮಾಡುತ್ತಿದ್ದರು. ಅದೇ ಗುಡ್ಡದ ಬಂಡೆಗಳ ಮೇಲೆ ಇಣಿ ಇರುವ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಸಣ್ಣ ಗುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ಹೊಡೆದರೆ ಗಂಟೆಯ ಹಾಗೆ ಣಣ್ ಅನ್ನುತ್ತದೆ. ಆ ಗುಡ್ಡವನ್ನೂ ಕ್ವಾರಿಯವರು ಒಂದು ಕಡೆಯಿಂದ ತಿಂದಿದ್ದಾರೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಟ್ರ್ಯಾಕ್ಟರಿನವರ ಹತ್ತಿರ ಜಗಳ ಬೇಡ, ಅವರೂ ಹೊಲಕ್ಕೆ ಒಳ್ಳೇದು ಅಂತ ಒಯ್ಯುತ್ತಿದ್ದಾರೆ. ಪಂಚಾಯ್ತಿಯಲ್ಲಿ ಹಿರಿಯರನ್ನು ಕೂರಿಸಿ ವಿಷಯ ಹೇಳಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಊರವರ ಸಹಿ ಹಾಕಿಸಿ ಒಂದೊಂದು ಅರ್ಜಿ ಕೊಡಿ. ನೀವಾಗಿ ಏನನ್ನೂ ಅಗೆಯಬೇಡಿ. ಈಗಾಗಲೇ ಗುದ್ದಲಿ ಬಿದ್ದ ಕಡೆ ಪದರ ಕಾಣುತ್ತದಲ್ಲ, ಅದರ ಪಕ್ಕ ಮೊಮ್ಮಗಳ ಸ್ಕೇಲ್ ಇಟ್ಟು ಒಂದು ಫೋಟೊ ತೆಗೆಯಿರಿ. ದಿಬ್ಬದ ಸುತ್ತಲಿನ ಹೊಲಗಳನ್ನು ಹಳಬರು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ಅವಳೇ ಕೇಳಿ ಬರೆದುಕೊಳ್ಳಲಿ. ಸಾಧ್ಯವಾದರೆ ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಒಮ್ಮೆ ಕರೆದುಕೊಂಡು ಹೋಗಿ. ಕಲ್ಲಿನ ಕೊಡಲಿಗಳನ್ನು ಕಣ್ಣಾರೆ ನೋಡಲಿ.

ಅವಳು ಬರೆದದ್ದನ್ನು ನಮಗೆ ಕಳಿಸಿ, ಅವಳ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ. ಜೋಳದ ಕೊಯ್ಲು ಮುಗಿದ ಮೇಲೆ ನಾನೂ ನಿಮ್ಮೂರಿಗೆ ಬರುತ್ತೇನೆ. ದಿಬ್ಬದ ದಾರಿ ಅವಳೇ ತೋರಿಸಲಿ.

ಇಂತಿ,
ಸಂಪಾದಕ