ಮುತ್ತಜ್ಜನಿಗಿಂತ ಮೊದಲು ಬಂದ ಅಫೀಮು ಯುದ್ಧ

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ನಿಮ್ಮ ಪತಿಯ ಮುತ್ತಜ್ಜ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಯೊಂದರಿಂದ 1912ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಅಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಿ ಬದುಕಿದ ಕಥೆಯನ್ನು ನಲವತ್ತು ಪುಟಗಳಲ್ಲಿ ಬರೆದು ಕಳುಹಿಸಿದ್ದೀರಿ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಪ್ರಕಟಿಸಲೇಬೇಕಾದ ಬರಹವೊಂದು ಇದರೊಳಗೆ ಅವಿತುಕೊಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲ ಹನ್ನೊಂದು ಪುಟಗಳಲ್ಲಿ ಮುತ್ತಜ್ಜ ಹುಟ್ಟುವುದೇ ಇಲ್ಲ. 1839ರ ಅಫೀಮು ಯುದ್ಧ, ತೈಪಿಂಗ್ ದಂಗೆ, ಚೀನೀ ಕಾರ್ಮಿಕರಿಗೆ ಅಮೆರಿಕ ಬಾಗಿಲು ಮುಚ್ಚಿದ 1882ರ ಕಾಯಿದೆ ಎಲ್ಲವೂ ದಿಬ್ಬಣದ ಹಾಗೆ ಸಾಗಿಹೋಗುತ್ತವೆ, ಮದುಮಗ ಮಾತ್ರ ಕಾಣಿಸುವುದಿಲ್ಲ. 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೆ ಎರಡು ಪುಟ ಕೊಟ್ಟು, ಉರುಳುವ ಕಟ್ಟಡಗಳನ್ನು ಉತ್ಸಾಹದಿಂದ ವರ್ಣಿಸಿದ್ದೀರಿ. ಆಗ ಅವರು ಹನ್ನೊಂದು ವರ್ಷದ ಹುಡುಗ, ಇದ್ದದ್ದು ಸಾಗರದ ಆಚೆಯ ದಡದಲ್ಲಿ. ಅವರ ಬದುಕನ್ನು ಬದಲಿಸಿದ್ದು ಭೂಮಿಯ ನಡುಕವಲ್ಲ, ಅದರ ಹಿಂದೆಯೇ ಹಬ್ಬಿದ ಬೆಂಕಿಯಲ್ಲಿ ಆ ನಗರದ ಜನನ ದಾಖಲೆಗಳು ಸುಟ್ಟುಹೋದದ್ದು. ದಾಖಲೆ ಇಲ್ಲದ ಮೇಲೆ 'ನಾನು ಇಲ್ಲಿಯೇ ಹುಟ್ಟಿದವನು' ಎಂದವರ ಮಾತನ್ನು ಸುಳ್ಳೆಂದು ಸಾಧಿಸುವುದು ಕಷ್ಟವಾಯಿತು. ಹಾಗೆ ಪೌರತ್ವ ಪಡೆದವರು ಚೀನಾಕ್ಕೆ ಹೋಗಿಬಂದಾಗಲೆಲ್ಲ ಅಲ್ಲಿ ಮಗ ಹುಟ್ಟಿದನೆಂದು ಬರೆಸಿದರು. ಇಲ್ಲದ ಆ ಮಗನ ಹೆಸರನ್ನು ಹಣ ಕೊಟ್ಟು ಕೊಂಡ ಬೇರೆ ಮನೆಯ ಹುಡುಗರು 'ಕಾಗದದ ಮಕ್ಕಳಾಗಿ' ಹಡಗು ಹತ್ತಿದರು. ಮುತ್ತಜ್ಜ ಅಂಥವರಲ್ಲಿ ಒಬ್ಬರು. ಈ ಸಂಗತಿಯನ್ನು ನೀವು ಇಪ್ಪತ್ತಮೂರನೆಯ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಿ!

ಅದೇ ಪುಟದಲ್ಲಿ ಅವರ ಸಮಾಧಿಯ ಕಲ್ಲನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ: ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮನೆತನದ ಹೆಸರು, ಅದರ ಪಕ್ಕದಲ್ಲೇ ಚೀನೀ ಅಕ್ಷರಗಳಲ್ಲಿ ಬೇರೊಂದು. ನಿಮ್ಮ ಬರಹ ಆರಂಭವಾಗಬೇಕಾದದ್ದು ಆ ಕಲ್ಲಿನ ಮುಂದೆ. ಅಲ್ಲಿಂದ ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದ ವಲಸೆ ಠಾಣೆಗೆ ಹೋಗಿ. ಅಲ್ಲಿನ ವಿಚಾರಣೆಯ ಕಡತದ ಪ್ರತಿಯನ್ನು ಸ್ಯಾನ್ ಬ್ರೂನೋದ ರಾಷ್ಟ್ರೀಯ ಪತ್ರಾಗಾರದಿಂದ ತರಿಸಿಕೊಂಡಿದ್ದೀರಿ, ಆದರೆ ಅದರಿಂದ ಬಳಸಿಕೊಂಡಿರುವುದು ತಾರೀಖನ್ನು ಮಾತ್ರ. ನಿಮ್ಮ ಮನೆ ಸಾಲಿನಲ್ಲಿ ಎಷ್ಟನೆಯದು, ಬಾವಿ ಎಲ್ಲಿದೆ, ಅಕ್ಕಿಯ ಪೆಟ್ಟಿಗೆಯನ್ನು ಎಲ್ಲಿಡುತ್ತಾರೆ ಎಂದು ಅಧಿಕಾರಿಗಳು ಕೇಳುತ್ತಾರೆ. ತಾನು ಎಂದೂ ಇರದ ಮನೆಯನ್ನು ಹುಡುಗ ವರ್ಣಿಸುತ್ತಾನೆ. 'ತಂದೆ'ಯ ಉತ್ತರದೊಂದಿಗೆ ಅವನ್ನು ತಾಳೆ ನೋಡುತ್ತಾರೆ. ಇದಕ್ಕಿಂತ ಬಿಗಿಯಾದ ಸನ್ನಿವೇಶವನ್ನು ಕಲ್ಪಿಸಿ ಬರೆಯುವುದು ಕಷ್ಟ. ಪ್ರಶ್ನೋತ್ತರಗಳನ್ನು ಇದ್ದ ಹಾಗೆಯೇ ಕನ್ನಡಿಸಿ, ವ್ಯಾಖ್ಯಾನ ಬೇಡ.

ಚೀನಾದ ಅರಸೊತ್ತಿಗೆಯನ್ನು ಕೊನೆಗಾಣಿಸಿದ 'ಕ್ರಾಂತಿಯ ಸುದ್ದಿ ಕೇಳಿ ಅವರ ಎದೆ ಹಿಗ್ಗಿತು' ಎಂದು ಬರೆದಿದ್ದೀರಿ. ಇದು ನಿಮಗೆ ಹೇಗೆ ಗೊತ್ತು? ಕಡತದಲ್ಲಿ ಅಂಟಿಸಿರುವ ಭಾವಚಿತ್ರವನ್ನು ನೋಡಿ: ಕೂದಲನ್ನು ಮೋಟಾಗಿ ಕತ್ತರಿಸಲಾಗಿದೆ, ಜಡೆ ಇಲ್ಲ. ಮಂಚು ಅರಸೊತ್ತಿಗೆ ಗಂಡಸರ ಮೇಲೆ ಹೇರಿದ್ದ ಆ ಜಡೆ, 1912ರ ಫೆಬ್ರವರಿಯಲ್ಲಿ ಬಾಲ ಸಾಮ್ರಾಟ ಪಟ್ಟ ತ್ಯಜಿಸಿದ ಕೆಲವೇ ತಿಂಗಳಲ್ಲಿ ಈ ತಲೆಯ ಮೇಲಿಲ್ಲ. ಕ್ರಾಂತಿಯ ಬಗ್ಗೆ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಅಷ್ಟೇ, ಮತ್ತು ಅಷ್ಟು ಸಾಕು.

ಕೆಲವು ತಪ್ಪುಗಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದರು ಎಂಬುದು ಚೀನೀ ಎಣಿಕೆ. ಅದರಂತೆ ಹುಟ್ಟಿದಾಗಲೇ ಒಂದು ವರ್ಷ, ಆಮೇಲೆ ಪ್ರತಿ ಹೊಸವರ್ಷಕ್ಕೆ ಇನ್ನೊಂದು. ವಂಶಾವಳಿಯಲ್ಲಿ ಅವರ ಹುಟ್ಟಿಗೆ ಕೊಟ್ಟಿರುವ, ಚೀನೀ ಸಾಮ್ರಾಟ ಗುವಾಂಗ್‌ಶು ಆಳ್ವಿಕೆಯ 20ನೆಯ ವರ್ಷವನ್ನು ನೀವು 1894 ಎಂದುಕೊಂಡಿದ್ದೀರಿ. ಆದರೆ ಹನ್ನೆರಡನೆಯ ತಿಂಗಳ ಹತ್ತನೆಯ ದಿನವೆಂದರೆ ನಮ್ಮ ಲೆಕ್ಕದಲ್ಲಿ 1895ರ ಜನವರಿ. ಎಂದರೆ ಹಡಗಿಳಿದಾಗ ಅವರಿಗೆ ತುಂಬಿದ್ದು ಹದಿನೇಳು. ನಮ್ಮ ಅಜ್ಜಿಯರ 'ನಡೆಯುತ್ತಿರುವ ವರ್ಷ'ದ ಲೆಕ್ಕ ಬಲ್ಲ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಹಾಗೆಯೇ ಅವರು ಬಿಟ್ಟು ಬಂದ ಜಿಲ್ಲೆಗೆ ತೈಶಾನ್ ಎಂಬ ಹೆಸರು ಬಂದದ್ದು 1914ರಲ್ಲಿ. ಅದಕ್ಕೆ ಮೊದಲು ಅದು ಶಿನ್‌ನಿಂಗ್.

1943ರಲ್ಲಿ ಆ 1882ರ ಕಾಯಿದೆ ರದ್ದಾಗಿ 'ಬಾಗಿಲು ತೆರೆಯಿತು' ಎಂದು ಸಂಭ್ರಮಿಸಿದ್ದೀರಿ. ತೆರೆದದ್ದು ವರ್ಷಕ್ಕೆ 105 ಜನರಿಗೆ. ಆ ಅಧ್ಯಾಯದ ನಿಜವಾದ ತಿರುಳು ನೀವು ಒಂದೇ ಸಾಲಿನಲ್ಲಿ ದಾಟಿಹೋದ 'ಪತ್ರಗಳು ನಿಂತವು' ಎಂಬಲ್ಲಿದೆ. 1941ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ಜಪಾನೀಯರ ವಶವಾದ ಮೇಲೆ, ಆ ಮಾರ್ಗವಾಗಿ ಹಳ್ಳಿಗೆ ತಲುಪುತ್ತಿದ್ದ ಹಣವೂ ನಿಂತಿತು. 1943ರಲ್ಲಿ ಆ ಸೀಮೆಗೆ ಭೀಕರ ಬರಗಾಲ ಬಂತು. ಇತ್ತ ದುಡಿಮೆಯ ಹಣವಿದ್ದೂ ಹೆಂಡತಿಗೆ ಕಳುಹಿಸಲಾಗದ ಮನುಷ್ಯ. ನಿಮ್ಮಲ್ಲಿರುವ ಪತ್ರಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಕೊನೆಯ ಪತ್ರಕ್ಕೂ ಯುದ್ಧಾನಂತರದ ಮೊದಲ ಪತ್ರಕ್ಕೂ ನಡುವಿನ ಅಂತರವನ್ನು ಓದುಗರಿಗೆ ತೋರಿಸಿ. ಇಲ್ಲಿ ಇತಿಹಾಸವನ್ನು ಎಷ್ಟು ಬರೆದರೂ ಹೆಚ್ಚಾಗುವುದಿಲ್ಲ.

ಎಂಟು ಪೌಂಡಿನ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿ ಮಣಿಕಟ್ಟಿನಲ್ಲಿ ಉಳಿದ ಕಲೆಯ ಬಗ್ಗೆ ಬರೆದ ಪುಟದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.

ಕಡೆಯದಾಗಿ, 1956ರಲ್ಲಿ ಆರಂಭವಾದ ಅಮೆರಿಕ ಸರ್ಕಾರದ ತಪ್ಪೊಪ್ಪಿಗೆ ಯೋಜನೆಯಡಿ ಅನೇಕ ಕುಟುಂಬಗಳು ನಿಜವಾದ ಹೆಸರನ್ನು ಸರ್ಕಾರಕ್ಕೆ ತಿಳಿಸಿದವು. ಒಬ್ಬರು ಬಾಯಿಬಿಟ್ಟರೆ ಕಾಗದದಲ್ಲಿ ನೆಂಟರಾದವರೆಲ್ಲ ಸಿಕ್ಕಿಬೀಳುತ್ತಿದ್ದುದರಿಂದ ಮೌನವಾಗಿ ಉಳಿದವರೂ ಇದ್ದರು. ನಿಮ್ಮ ಮನೆಯವರು ಏನು ಮಾಡಿದರೆಂದು ಹಸ್ತಪ್ರತಿಯಲ್ಲಿಲ್ಲ. ನಿಮ್ಮ ಅತ್ತೆಯವರು ಈಗಲೂ ಕಾಗದದ ಹೆಸರನ್ನೇ ಬಳಸುತ್ತಿದ್ದಾರೆಂದು ಬರೆದಿದ್ದೀರಿ. ಅವರನ್ನು ಕೇಳಿ, ಪ್ರಕಟಣೆಗೆ ಅವರ ಒಪ್ಪಿಗೆಯನ್ನೂ ಪಡೆಯಿರಿ. ಒಪ್ಪಿದರೆ ಇಪ್ಪತ್ತೈದು ಪುಟಗಳಿಗೆ ಇಳಿಸಿ ಮತ್ತೆ ಕಳುಹಿಸಿ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ.

ವಿಶ್ವಾಸದಿಂದ,
ಸಂಪಾದಕ