ಆರ್. ಎಲ್. ಸ್ಟೈನ್ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಭಯಗಳು ಯಾವುವು? ಹನ್ನೆರಡರ ಮಗಳಿಗೆ ಯಾವುದರಿಂದ ಶುರು ಮಾಡಿಸಲಿ?

ಮಗಳು ಸ್ಟೈನ್ ಪುಸ್ತಕಗಳಿಗಾಗಿ ಹಟ ಹಿಡಿದಿದ್ದಾಳೆ, ಅವುಗಳಲ್ಲಿ ಏನಿರುತ್ತದೆ, ಓದಿಸಬಹುದೇ ಎಂದು ಕೇಳಿದ್ದೀರಿ. ಓದಿಸಬಹುದು. ಆದರೆ ಅಂಗಡಿಗೆ ಹೋಗುವ ಮುಂಚೆ ಒಂದು ವಿಷಯ ಗೊತ್ತಿರಲಿ. ಸ್ಟೈನ್ ಹೆಸರಲ್ಲಿ ಹೆಚ್ಚು ಸಿಗುವುದು ಎರಡು ಸರಣಿಗಳು, ಎರಡೂ ಬೇರೆ ಬೇರೆ ವಯಸ್ಸಿನವರಿಗೆ ಬರೆದವು. ಗೂಸ್‌ಬಂಪ್ಸ್ 1992ರಲ್ಲಿ ಶುರುವಾಯಿತು. ಎಂಟರಿಂದ ಹನ್ನೆರಡು ವರ್ಷದವರಿಗೆ. ಫಿಯರ್ ಸ್ಟ್ರೀಟ್ ಅದಕ್ಕೂ ಹಳೆಯದು, 1989ರದ್ದು. ಅದರ ಪಾತ್ರಗಳೆಲ್ಲ ಹೈಸ್ಕೂಲ್ ಹುಡುಗ ಹುಡುಗಿಯರು, ಅಲ್ಲಿ ಕೊಲೆಗಳು ನಡೆಯುತ್ತವೆ, ಸತ್ತವರು ನಿಜವಾಗಿಯೂ ಸಾಯುತ್ತಾರೆ. ಒಬ್ಬನೇ ಲೇಖಕ ತಾನೇ ಎಂದುಕೊಂಡು ಒಂಬತ್ತು ವರ್ಷದ ಮಗುವಿನ ಕೈಗೆ ಫಿಯರ್ ಸ್ಟ್ರೀಟ್ ಕೊಟ್ಟರೆ ರಾತ್ರಿ ದೀಪ ಆರಿಸಲು ಬಿಡುವುದಿಲ್ಲ.

ಸ್ಟೈನ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಭಯದ ಕಥೆಗೆ ಕೈ ಹಾಕುವ ಮೊದಲು ವರ್ಷಗಟ್ಟಲೆ ಮಕ್ಕಳಿಗೆ ಹಾಸ್ಯ ಬರೆದವರು, ಬನಾನಾಸ್ ಎಂಬ ಹಾಸ್ಯ ಪತ್ರಿಕೆ ನಡೆಸಿದವರು. ಹದಿಹರೆಯದವರಿಗಾಗಿ ಅವರ ಮೊದಲ ಭಯದ ಕಾದಂಬರಿ ಬಂದದ್ದು 1986ರಲ್ಲಿ. ಆ ಹಾಸ್ಯದ ಪಳಗಿದ ಕೈ ಅವರ ಪ್ರತಿ ಅಧ್ಯಾಯದಲ್ಲೂ ಕಾಣುತ್ತದೆ. ನಗೆಹನಿಯಲ್ಲಿ ಕೊನೆಯ ಸಾಲಿಗೆ ನಗು ಸಿಡಿಯುವಂತೆ ಇಲ್ಲಿ ಕೊನೆಯ ಸಾಲಿಗೆ ಎದೆ ಝಲ್ಲೆನ್ನುತ್ತದೆ. ಅವರು ಮೊದಲು ಶೀರ್ಷಿಕೆ ಹುಡುಕುತ್ತಾರೆ, ಆಮೇಲೆ ಕೊನೆಯ ತಿರುವು ಗಟ್ಟಿಮಾಡಿಕೊಂಡು, ಅಧ್ಯಾಯವಾರು ಟಿಪ್ಪಣಿ ಮಾಡಿ, ಅದಾದ ಮೇಲೇ ಬರೆಯಲು ಕೂರುತ್ತಾರೆ.

ಇನ್ನು ಮರುಕಳಿಸುವ ವಸ್ತುಗಳು. ದೆವ್ವ, ಗೊಂಬೆ, ರಾಕ್ಷಸ ಎಲ್ಲ ಮೇಲಿನ ವೇಷ. ಒಳಗಿರುವ ಭಯ ಹೆಚ್ಚಾಗಿ ಒಂದೇ: ಮಗು ಕಣ್ಣಾರೆ ಕಂಡದ್ದನ್ನು ಹೇಳುತ್ತದೆ, ಮನೆಯವರು ನಂಬುವುದಿಲ್ಲ. ಇದರ ಇನ್ನೊಂದು ಮುಖವೆಂದರೆ, ನಂಬಬೇಕಾದ ಮನೆಯವರೇ ಬೇರೆ ಯಾರೋ ಆಗಿಬಿಟ್ಟಿರುವುದು. ಗೂಸ್‌ಬಂಪ್ಸ್ ಸರಣಿಯ ಎರಡನೇ ಪುಸ್ತಕ ಸ್ಟೇ ಔಟ್ ಆಫ್ ದಿ ಬೇಸ್‌ಮೆಂಟ್‌ನಲ್ಲಿ ಮಾರ್ಗರೆಟ್ ಮತ್ತು ಕೇಸಿ ಎಂಬ ಅಕ್ಕ ತಮ್ಮ. ಅಪ್ಪ ಸಸ್ಯವಿಜ್ಞಾನಿ, ಕೆಲಸ ಕಳೆದುಕೊಂಡು ನೆಲಮಾಳಿಗೆ ಸೇರಿದ್ದಾನೆ. ಒಂದು ದಿನ ಅವನು ಯಾರೂ ನೋಡುತ್ತಿಲ್ಲವೆಂದು ಅಡುಗೆಮನೆಯಲ್ಲಿ ಗಿಡಕ್ಕೆ ಹಾಕುವ ಗೊಬ್ಬರವನ್ನು ಬಾಯಿಗೆ ತುಂಬಿಕೊಳ್ಳುತ್ತಿರುವುದು ಮಗಳ ಕಣ್ಣಿಗೆ ಬೀಳುತ್ತದೆ. ಟೋಪಿ ತೆಗೆದರೆ ತಲೆಯಲ್ಲಿ ಕೂದಲ ಬದಲು ಎಲೆ, ಕೈ ಕೊಯ್ದರೆ ಹಸಿರು ರಕ್ತ. ಇವನು ನಮ್ಮ ಅಪ್ಪ ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಇಡೀ ಕಥೆಯನ್ನು ಎಳೆಯುತ್ತದೆ. ಕೆಲಸ ಹೋದ ಅಪ್ಪ ಮಾತು ಬಿಟ್ಟು ಕೋಣೆ ಸೇರಿಕೊಳ್ಳುವುದನ್ನು ಕಂಡ ಮಗುವಿಗೆ ಆ ಪ್ರಶ್ನೆ ಬರೀ ಕಥೆಯಲ್ಲ.

ನನ್ನ ಪ್ರಕಾರ ಸರಣಿಯ ಅತ್ಯುತ್ತಮ ಪುಸ್ತಕ 1993ರ ದಿ ಹಾಂಟೆಡ್ ಮಾಸ್ಕ್, ಹನ್ನೊಂದನೆಯದು. ಕಾರ್ಲಿ ಬೆತ್ ಸುಮ್ಮಸುಮ್ಮನೆ ಬೆಚ್ಚಿಬೀಳುವ ಹುಡುಗಿ. ಶಾಲೆಯ ಹುಡುಗರು ಅವಳ ಸ್ಯಾಂಡ್‌ವಿಚ್‌ನಲ್ಲಿ ಹುಳ ಇಟ್ಟು ನಗುತ್ತಾರೆ. ಸೇಡಿಗಾಗಿ ಹ್ಯಾಲೋವೀನ್ ರಾತ್ರಿ ಅತಿ ವಿಕಾರವಾದ ಮುಖವಾಡ ತೊಡುತ್ತಾಳೆ. ದನಿ ಗಡುಸಾಗುತ್ತದೆ, ಸಿಟ್ಟು ಕೈಮೀರುತ್ತದೆ. ಕೊನೆಗೆ ಕಳಚೋಣವೆಂದರೆ ಮುಖವಾಡದ ಅಂಚೇ ಸಿಗುವುದಿಲ್ಲ. ಗೆಳತಿ ಕತ್ತಿನ ಸುತ್ತ ಬೆರಳಾಡಿಸಿ ಹುಡುಕುತ್ತಾಳೆ. ರಬ್ಬರ್ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಇಲ್ಲ. ಮೈ ಬದಲಾಗುತ್ತಿರುವ, ತನ್ನ ಸಿಟ್ಟು ತನಗೇ ಅರ್ಥವಾಗದ ವಯಸ್ಸನ್ನು ಇದಕ್ಕಿಂತ ಚೆನ್ನಾಗಿ ಹಿಡಿದ ಮಕ್ಕಳ ಕಥೆ ಅಪರೂಪ. ಮಗನ ತಲೆಗೆ ಮುಖವಾಡ ಸಿಕ್ಕಿಕೊಂಡು ಬಿಡಿಸಲಾಗದೆ ಒದ್ದಾಡಿದ್ದನ್ನು ಕಂಡು ಸ್ಟೈನ್‌ಗೆ ಈ ಕಥೆ ಹೊಳೆದದ್ದು.

ಉಳಿದ ವಸ್ತುಗಳು: ಹೊಸ ಊರಿಗೆ ಮನೆ ಬದಲಾಯಿಸುವುದು, ಬೇಸಿಗೆ ಶಿಬಿರ, ಮುಟ್ಟಬೇಡ ಎಂದ ವಸ್ತುವನ್ನು ಮುಟ್ಟುವುದು, ಒಡಹುಟ್ಟಿದವರ ಹೊಟ್ಟೆಕಿಚ್ಚು. ಮಾತಾಡುವ ಗೊಂಬೆ ಸ್ಲ್ಯಾಪಿ ಈ ಹೊಟ್ಟೆಕಿಚ್ಚಿನ ಕಥೆಯಲ್ಲೇ ಬಂದವನು, ಅವಳಿ ಸೋದರಿಯರ ಪೈಪೋಟಿಯ ನಡುವೆ. ಆದರೆ ನೈಟ್ ಆಫ್ ದಿ ಲಿವಿಂಗ್ ಡಮ್ಮಿ ಎಂಬ ಆ ಏಳನೇ ಪುಸ್ತಕದಲ್ಲಿ ಕಾಟ ಕೊಡುವುದು ಮಿಸ್ಟರ್ ವುಡ್ ಎಂಬ ಇನ್ನೊಂದು ಗೊಂಬೆ. ಸ್ಲ್ಯಾಪಿಗಾಗಿಯೇ ಓದುವವರು ಎರಡನೇ ಭಾಗ ತರಿಸಿಕೊಳ್ಳಬೇಕು, ಅದು 1995ರದ್ದು.

ಫಿಯರ್ ಸ್ಟ್ರೀಟ್‌ನಲ್ಲಿ ಭಯದ ದಿಕ್ಕೇ ಬೇರೆ. ಊರು ಶೇಡಿಸೈಡ್, ಅಪಾಯ ಸಾಮಾನ್ಯವಾಗಿ ಗೆಳೆಯರ ಗುಂಪಿನೊಳಗೇ ಇರುತ್ತದೆ. ಪ್ರೀತಿ, ಅಸೂಯೆ, ಮುಚ್ಚಿಟ್ಟ ತಪ್ಪು. 1990ರ ದಿ ರಾಂಗ್ ನಂಬರ್‌ನಲ್ಲಿ ಇಬ್ಬರು ಗೆಳತಿಯರು ತಮಾಷೆಗೆ ಯಾರ‍್ಯಾರಿಗೋ ಫೋನ್ ಮಾಡುತ್ತಾರೆ; ಒಂದು ಕರೆಯಲ್ಲಿ ಆ ಕಡೆ ಕೊಲೆ ನಡೆಯುತ್ತಿರುವ ಸದ್ದು. ಪೊಲೀಸರಿಗೆ ಹೇಳಿದರೆ ತಮ್ಮ ಚೇಷ್ಟೆ ಬಯಲಾಗುತ್ತದೆ. ಆ ಬೀದಿಯ ಶಾಪದ ಮೂಲವನ್ನು 1993ರ ಮೂರು ಪುಸ್ತಕಗಳ ಫಿಯರ್ ಸ್ಟ್ರೀಟ್ ಸಾಗಾ ಹೇಳುತ್ತದೆ: 1692ರಲ್ಲಿ ಫಿಯರ್ ವಂಶದವರು ನಿರಪರಾಧಿ ಹುಡುಗಿಯೊಬ್ಬಳನ್ನು ಮಾಟಗಾತಿ ಎಂದು ಸುಡಿಸುತ್ತಾರೆ. ಇದನ್ನು ಇತಿಹಾಸವೆಂದು ಮಗಳು ನಂಬದಿರಲಿ. ಅದೇ ವರ್ಷ ಅಮೆರಿಕದ ಸೇಲಂನಲ್ಲಿ ನಡೆದ ನಿಜವಾದ ಮಾಟಗಾತಿ ಪ್ರಕರಣದಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಸುಟ್ಟದ್ದು ಯಾರನ್ನೂ ಅಲ್ಲ.

ಓದಿಸುವ ಕ್ರಮ ಹೀಗಿರಲಿ. ಮೊದಲು ದಿ ಹಾಂಟೆಡ್ ಮಾಸ್ಕ್. ನಂತರ ದಿ ಘೋಸ್ಟ್ ನೆಕ್ಸ್ಟ್ ಡೋರ್. ಭಯಕ್ಕಿಂತ ದುಃಖ ಹೆಚ್ಚಿರುವ ಕಥೆ, ತಿರುವು ಬಾಯಿಬಿಡಬೇಡಿ. ಆಮೇಲೆ ನೆಲಮಾಳಿಗೆಯ ಅಪ್ಪ. ಮೊದಲನೇ ಪುಸ್ತಕ ವೆಲ್‌ಕಮ್ ಟು ಡೆಡ್ ಹೌಸ್ ಅನ್ನು ಮೊದಲನೆಯದೆಂದೇ ಮೊದಲು ಕೊಡಬೇಡಿ. ಮೊದಲ ಸರಣಿಯ 62 ಪುಸ್ತಕಗಳಲ್ಲಿ ಕರಾಳವಾದವುಗಳಲ್ಲಿ ಅದೊಂದು, ಸಾಕುನಾಯಿಗೂ ಒಳ್ಳೆಯದಾಗುವುದಿಲ್ಲ. ಬಹುಪಾಲು ಕಥೆಗಳು ಬಿಡಿಬಿಡಿ, ಸಂಖ್ಯೆಯ ಕ್ರಮ ಹಿಡಿಯಬೇಕಿಲ್ಲ. ಒಂದೊಂದೂ ಸುಮಾರು 120 ಪುಟ, ಒಂದೆರಡು ಕೂರಿಕೆಗೆ ಮುಗಿಯುತ್ತದೆ, ಇಂಗ್ಲಿಷ್ ಸರಳ.

ಸಾಲಾಗಿ ಐದಾರು ಓದಿದರೆ ಮಾತ್ರ ರುಚಿ ಕೆಡುತ್ತದೆ. ಅಧ್ಯಾಯದ ಕೊನೆಗೆ ತಣ್ಣನೆಯ ಕೈ ಭುಜ ಹಿಡಿಯುತ್ತದೆ, ಪುಟ ತಿರುಗಿಸಿದರೆ ಅದು ತಮ್ಮನ ಕೈ. ಈ ಹುಸಿ ಬೆದರಿಕೆ ಹತ್ತನೇ ಸಲಕ್ಕೆ ಬೇಸರ ತರಿಸುತ್ತದೆ. ಎರಡರ ನಡುವೆ ಬೇರೇನಾದರೂ ಓದಲಿ.

ಫಿಯರ್ ಸ್ಟ್ರೀಟ್‌ಗೆ ಇನ್ನೊಂದು ವರ್ಷ ಕಾಯಿರಿ. ನೆಟ್‌ಫ್ಲಿಕ್ಸ್‌ನಲ್ಲಿ 2021ರಲ್ಲಿ ಬಂದ ಮೂರು ಚಿತ್ರಗಳನ್ನು ಪುಸ್ತಕದ ಬದಲು ತೋರಿಸುವ ಯೋಚನೆ ಬೇಡ. ಅವುಗಳಲ್ಲಿರುವ ರಕ್ತಪಾತ ಪುಸ್ತಕಗಳಲ್ಲಿಲ್ಲ, ಅಮೆರಿಕದಲ್ಲೇ ಅವಕ್ಕೆ ಆರ್ ರೇಟಿಂಗ್, ಅಂದರೆ 17ಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಿಲ್ಲದೆ ನೋಡುವಂತಿಲ್ಲ. ಫಿಯರ್ ಸ್ಟ್ರೀಟ್ ಸರಣಿಯ ದಿ ಬೆಸ್ಟ್ ಫ್ರೆಂಡ್ ಪುಸ್ತಕ ಕೊಡುವಾಗ ಎರಡನೇ ಭಾಗವನ್ನೂ ಜೊತೆಗೇ ತಂದಿಡಿ. 1992ರ ಮೊದಲ ಭಾಗದಲ್ಲಿ ಕೆಟ್ಟವಳಿಗೆ ಶಿಕ್ಷೆಯೇ ಆಗುವುದಿಲ್ಲ. ಓದಿದ ಮಕ್ಕಳು ಸಿಟ್ಟಿಗೆದ್ದು ಕಾಗದ ಬರೆದರು, 1997ರಲ್ಲಿ ಸ್ಟೈನ್ ಮುಂದಿನ ಕಥೆ ಬರೆದರು.